ಇಪ್ಪತ್ತೇಳು ಕೊಳವೆಗಳು

ಟ್ರೋಗರ್ ಬೇಕೆಂದೇ ತನಗೆ ದೊಡ್ಡ ಅಳತೆಯ ಮೆಟ್ಟುಗಳನ್ನು ಕೊಟ್ಟಿದ್ದಾನೆಂಬ ಸಂಶಯ ಕ್ರೆಸ್ನರನಿಗೆ ಎರಡನೆಯ ಹೆಜ್ಜೆಯಲ್ಲೇ ಬಂತು. ಎರ್ಲೆನ್‌ರೋಡಾ ಅರಮನೆಯ ಮರದ ನೆಲ ಗೀಚಿಹೋಗದಿರಲೆಂದು ಒಳಗೆ ಬಂದವರೆಲ್ಲ ಷೂಗಳ ಮೇಲೆಯೇ ದಪ್ಪ ಉಣ್ಣೆಯ ಮೆಟ್ಟುಗಳನ್ನು ತೊಡಬೇಕು. ಬಾಗಿಲ ಪಕ್ಕದ ತೊಟ್ಟಿಯಲ್ಲಿ ಅವು ಮಲಗಿದ ಬೂದು ಬೆಕ್ಕುಗಳ ಹಾಗೆ ಒಂದರ ಮೇಲೊಂದು ಬಿದ್ದಿರುತ್ತವೆ, ಯಾವುದಕ್ಕೂ ಎಡಬಲವಿಲ್ಲ. ತೊಟ್ಟಿಯಲ್ಲಿ ಕೈಯಾಡಿಸಿದ ಟ್ರೋಗರ್ ಮೂರು ಜೋಡಿಗಳನ್ನು ಎತ್ತಿ ನೋಡಿ ಬದಿಗಿಟ್ಟು ನಾಲ್ಕನೆಯದನ್ನು ಕೊಟ್ಟಿದ್ದ. ಆ ಮೂರು ಯಾಕೆ ಬೇಡವಾದವು ಎಂಬುದನ್ನು ಕ್ರೆಸ್ನರ್ ಯೋಚಿಸತೊಡಗಿದ. ಕಾಲೆತ್ತಿದರೆ ಮೆಟ್ಟು ಕೆಳಗೇ ಉಳಿಯುತ್ತಿತ್ತು. ಎತ್ತದೆ ಜಾರಿಸಿಕೊಂಡು ನಡೆದರೆ ತಾನು ಹಾಸಿಗೆ ಹಿಡಿದು ಎದ್ದುಬಂದ ರೋಗಿಯ ಹಾಗೆ ಕಾಣುತ್ತೇನೆ, ಹಾಗೆ ಕಾಣಲೆಂದೇ ಇದು, ಎಂದು ಅವನಿಗೆ ಅನ್ನಿಸಿತು.

"ಇದಕ್ಕಿಂತ ಸಣ್ಣದು ಇಲ್ವಾ?"

"ಇದೆ ಮೇಷ್ಟ್ರೇ. ಅದ್ರೊಳಗೆ ನಿಮ್ಮ ಷೂ ಹೋಗಲ್ಲ. ಹೋದ ಸಲಾನೂ ಇದೇ ಜಗಳ ತೆಗ್ದಿದ್ರಿ." ಟ್ರೋಗರ್ ಅಗತ್ಯಕ್ಕಿಂತ ಜೋರಾಗಿ ಮಾತಾಡಿದ. ಯಾಕೆ ಜೋರಾಗಿ. ಮೂವತ್ತು ವರ್ಷಗಳಿಂದ ಈ ಅರಮನೆಯ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಈ ಮನುಷ್ಯ, ಒಂದು ಕಾಲದಲ್ಲಿ ಉಪ್ಪಿನ ಗಣಿಯಲ್ಲಿ ಇಳಿದು ದುಡಿದವನು, ಮೊದಲಿನಿಂದಲೂ ಹೀಗೇ ಮಾತಾಡುತ್ತಿದ್ದನೇ, ಅಥವಾ ಇವತ್ತೇ ಹೀಗೆಯೇ? ಕಿವಿಯ ವೈದ್ಯೆ ಕೊಟ್ಟ ಸಣ್ಣ ಪೆಟ್ಟಿಗೆ ಕ್ರೆಸ್ನರನ ಕೋಟಿನ ಒಳಜೇಬಿನಲ್ಲಿ ಮೂರು ತಿಂಗಳಿಂದ ಹಾಗೇ ಇತ್ತು. ಅದರ ಮುಚ್ಚಳವನ್ನು ಅವನು ಒಮ್ಮೆ ಮಾತ್ರ ತೆಗೆದು, ಒಳಗಿದ್ದ, ಗುಲಾಬಿ ಹುಳುಗಳಂಥ ಎರಡು ಶ್ರವಣಸಾಧನಗಳನ್ನು ನೋಡಿ, ಮುಚ್ಚಿದ್ದ. ಅವನ ಕಿವಿ ಎಲ್ಲಿಯವರೆಗೆ ಕೇಳುತ್ತದೆಂದು ವೈದ್ಯೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದಳು: ಮನುಷ್ಯರ ಮಾತು ಇಲ್ಲಿ, ಇನ್ನೂ ಚೆನ್ನಾಗಿದೆ, ಹಕ್ಕಿಗಳು ಇಲ್ಲಿ. ಗೆರೆ ಹಕ್ಕಿಗಳಿರುವ ಕಡೆಗೆ ಬರುತ್ತಲೇ ಮೆಟ್ಟಿಲಿಂದ ಬಿದ್ದವನ ಹಾಗೆ ಬಿದ್ದುಹೋಗಿತ್ತು. ಥುರಿಂಗಿಯ ಪ್ರಾಂತ್ಯದ, ತಿದಿಯ ಗಾಳಿಯಿಂದ ಕೊಳವೆಗಳು ನುಡಿಯುವ, ನೂರಾರು ಆರ್ಗನ್‌ಗಳ ಮೇಲೆ ತೀರ್ಪು ಬರೆದ ಕಿವಿ ಅದು. ಇವತ್ತು ಈ ಅರಮನೆಯ ಪ್ರಾರ್ಥನಾಮಂದಿರದ ಆರ್ಗನ್ ಎರಡು ವರ್ಷಗಳ ದುರಸ್ತಿ ಮುಗಿಸಿ ನಿಂತಿದೆ. ಅವನು ಕೇಳಿ, ಸರಿಯಿದೆಯೆಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಭಾನುವಾರ ಜನ ಬರುತ್ತಾರೆ. ಪೆಟ್ಟಿಗೆಯ ವಿಷಯ ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಆದರೆ ವೈದ್ಯೆಯ ಅತ್ತಿಗೆಯೋ ನಾದಿನಿಯೋ ಈ ಊರಿನವಳೆಂದು ಅವಳೇ ಅಂದಿದ್ದಳಲ್ಲ.

ದೊಡ್ಡ ಹಜಾರ ದಾಟದೆ ಮಂದಿರಕ್ಕೆ ದಾರಿಯಿಲ್ಲ. ಎರಡಂತಸ್ತು ಎತ್ತರಕ್ಕೆ ಏರಿದ ಕೆಂಪು ಕಂಬಗಳು, ಅವುಗಳ ತಲೆಯಲ್ಲಿ ಚಿನ್ನದ ಎಲೆಗಳು, ಛಾವಣಿಯಲ್ಲಿ ಮೋಡ ಒಡೆದು ಬೀಳುವಂತೆ ಕಾಣುವ ಬೆತ್ತಲೆ ದೇವತೆಗಳು. ನಡೆಯುತ್ತ ಅವನು ಕಂಬವೊಂದರ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಅಮೃತಶಿಲೆಯಾಗಿದ್ದರೆ ತಣ್ಣಗಿರುತ್ತಿತ್ತು, ಇದು ಗಾರೆ, ಅಂಟು ಮತ್ತು ಬಣ್ಣ ಕಲಸಿ, ಕೈ ಸೋಲುವವರೆಗೆ ಉಜ್ಜಿ ಹೊಳಪು ಬರಿಸಿದ ಗಾರೆ. ಕಲ್ಲು ತರಿಸಲಾರದೆ ಹೀಗೆ ಮಾಡಿದ್ದಲ್ಲ, ಕಲ್ಲಿಗಿಂತ ಚೆಂದದ ಕಲ್ಲನ್ನು ಮಾಡಬಲ್ಲೆವೆಂದು ತೋರಿಸಲು ಮಾಡಿದ್ದು ಎಂದು ಟ್ರೋಗರ್ ಪ್ರವಾಸಿಗಳಿಗೆ ಹೇಳುತ್ತಾನೆ, ಅದನ್ನೇ ಇಪ್ಪತ್ತು ವರ್ಷಗಳ ಹಿಂದೆ ಅವನಿಗೆ ಹೇಳಿಕೊಟ್ಟವನು ಕ್ರೆಸ್ನರ್. ಈ ಬರೋಕ್ ಅರಮನೆಯಲ್ಲಿ ಎಡಕ್ಕೊಂದು ಇದ್ದರೆ ಬಲಕ್ಕೊಂದು ಇರಲೇಬೇಕು. ಬಲಕ್ಕೆ ನಿಜವಾಗಿ ಇರಲು ಜಾಗವಿಲ್ಲದಿದ್ದರೆ ಬಣ್ಣದಲ್ಲಿ ಬರೆಯುತ್ತಾರೆ. ಕ್ರೆಸ್ನರ್ ಹಾಗೆ ಬಣ್ಣದಲ್ಲಿ ಮೂಡಿಸಿದ ಬಾಗಿಲೊಂದರ ಹಿಡಿಯ ಕಡೆ ಕೈ ಚಾಚಿದ್ದ. ಬೆರಳು ಗೋಡೆಗೆ ತಾಗಿದ ಮೇಲೆಯೇ ಗೊತ್ತಾದದ್ದು. ಹೊರಗಿನ ಚಳಿಯಿಂದ ಒಳಗೆ ಬಂದ ಕನ್ನಡಕ ಮಂಜಾಗಿತ್ತು, ಅಷ್ಟೇ.

"ಅದು ಬಾಗಿಲಲ್ಲ ಮೇಷ್ಟ್ರೇ."

"ಗೊತ್ತು. ಬಣ್ಣ ಸಿಪ್ಪೆ ಏಳ್ತಿದೆಯಾ ಅಂತ ನೋಡ್ದೆ."

"ಹೌದಾ. ಎದ್ದಿದೆಯಾ?"

"ಇಲ್ಲ."

"ಒಳ್ಳೇದಾಯ್ತು ಬಿಡಿ," ಎಂದ ಟ್ರೋಗರ್, ಬಹಳ ಗಂಭೀರವಾಗಿ. ಆ ಗಾಂಭೀರ್ಯದ ಹಿಂದೆ ನಗು ಇರಬಹುದೆಂದು ಅವನ ಬೆನ್ನನ್ನು ನೋಡುತ್ತ ಕ್ರೆಸ್ನರ್ ಜಾರಿಕೊಂಡು ನಡೆದ. ಬೆನ್ನು ಏನನ್ನೂ ಹೇಳಲಿಲ್ಲ. ಊಟದ ಕೋಣೆಯಲ್ಲಿ ಛಾವಣಿಯ ನಡುವೆ ಚಿನ್ನದ ಜಾಲರಿ ಹೊದಿಸಿದ ದುಂಡು ಕಿಂಡಿಯೊಂದಿದೆ. ಉಣ್ಣುವ ರಾಜನ ಕಣ್ಣಿಗೆ ವಾದ್ಯಗಾರರ ಬೆವರು ಬೀಳಬಾರದೆಂದು ಅವರನ್ನು ಮೇಲಿನ ಕತ್ತಲೆ ಕೋಣೆಯಲ್ಲಿ ಕೂರಿಸಿ, ನಾದವನ್ನು ಮಾತ್ರ ಈ ಕಿಂಡಿಯಿಂದ ತಟ್ಟೆಗಳ ಮೇಲೆ ಇಳಿಬಿಡುತ್ತಿದ್ದರು. ಮೇಲಿನವರಿಗೆ ಕೆಳಗಿನ ಪಿಸುಮಾತೂ ಕೇಳುತ್ತಿತ್ತೆಂಬುದು ರಾಜನಿಗೆ ಎಷ್ಟು ಕಾಲದ ಮೇಲೆ ತಿಳಿಯಿತೋ. ಕಿಂಡಿಯ ಕೆಳಗೆ ಬಂದಾಗಲೆಲ್ಲ ಕ್ರೆಸ್ನರ್ ಬಾಯಿ ಮುಚ್ಚಿಕೊಳ್ಳುತ್ತಾನೆ, ಒಬ್ಬನೇ ಇದ್ದರೂ. ಆ ಮೇಲಿನ ಕೋಣೆಯಲ್ಲಿ, ಎಪ್ಪತ್ತನಾಲ್ಕರ ಚಳಿಗಾಲದಲ್ಲಿ, ಆರ್ಗನ್ ಕೆಲಸ ಕಲಿಯುತ್ತಿದ್ದ ಹತ್ತೊಂಬತ್ತು ವರ್ಷದ ಅವನು ಹೊದ್ದು ಮಲಗುತ್ತಿದ್ದ. ಬೇರೆ ಬೆಚ್ಚನೆಯ ಜಾಗ ಅರಮನೆಯಲ್ಲಿರಲಿಲ್ಲ. ಅವನ ಗುರು ಓಟ್‌ಮಾರ್ ಕೆಳಗೆ ಇದೇ ಊಟದ ಕೋಣೆಯಲ್ಲಿ ಸ್ಟೌವ್ ಹೊತ್ತಿಸಿ ಕರಗಿಸುವ ಕಬ್ಬಿಣದ ಬಟ್ಟಲಿಟ್ಟಿದ್ದ. ಮಹಾಯುದ್ಧ ಮುಗಿದ ವರ್ಷ ಅರಮನೆಯಲ್ಲಿ ನಿರಾಶ್ರಿತರಾಗಿ ಬಂದು ತಂಗಿದವರ ಮಕ್ಕಳು ಆರ್ಗನ್ನಿನ ಒಂದು ಸಾಲಿನ ಮೇಲಿನ ಸ್ವರಗಳ ಇಪ್ಪತ್ತೇಳು ಸಣ್ಣ ಕೊಳವೆಗಳನ್ನು ಕಿತ್ತು ಪೀಪಿ ಮಾಡಿಕೊಂಡು ಊದಿ ಕಳೆದುಬಿಟ್ಟಿದ್ದರು. ಹೊಸದು ಮಾಡಲು ತವರ ಬೇಕು. ತವರಕ್ಕೆ ಅರ್ಜಿ ಹಾಕಿ ನಾಲ್ಕು ವರ್ಷವಾಗಿತ್ತು. ಮುದ್ರಣಾಲಯದ ಗೆಳೆಯನೊಬ್ಬ ಸವೆದ ಅಚ್ಚುಮೊಳೆಗಳನ್ನು ಚೀಲದಲ್ಲಿ ತಂದುಕೊಟ್ಟ, ಯಾರಿಗೂ ಹೇಳಬೇಡಿರೆಂದು. ಅಕ್ಷರಗಳು ಕರಗುವುದನ್ನು ಅವನು ಬಗ್ಗಿ ನೋಡಿದ್ದ. ಮೊದಲು ಚೂಪು ಹೋಗುತ್ತಿತ್ತು, ಆಮೇಲೆ ಮೈ. ಒಂದು ದೊಡ್ಡ ಕೆ ಅಕ್ಷರ ಬಹಳ ಹೊತ್ತು ಮುಳುಗದೆ ತೇಲಿತು, ಅದು ತನ್ನ ಹೆಸರಿನ ಅಕ್ಷರವೆಂದು ಅವನು ಒಳಗೊಳಗೇ ಹಿಗ್ಗಿದ್ದ. ತಗಡು ಎರೆದದ್ದು ಅವನು, ಸುತ್ತಿ ಬೆಸೆದದ್ದು ಅವನು, ತುಟಿ ಕೊಯ್ದು ನಾದ ಬರಿಸಿದ್ದು ಅವನು. ಓಟ್‌ಮಾರನ ಕೈ ಆಗಲೇ ನಡುಗುತ್ತಿತ್ತು. ಕಾಗದದಲ್ಲಿ ಮಾತ್ರ ಓಟ್‌ಮಾರ್ ಬೇರೆ ಬರೆದ: ಕಳೆದುಹೋಗಿದ್ದ ಕೊಳವೆಗಳು ಅರಮನೆಯ ಅಟ್ಟದಲ್ಲಿ ಸಿಕ್ಕವು, ಮತ್ತೆ ಕೂರಿಸಲಾಯಿತು.

ಅಲ್ಲಿಗೆ ಅದು ಓಟ್‌ಮಾರನ ಸುಳ್ಳು, ಬಡತನದ ಸುಳ್ಳು, ಕ್ಷಮೆಗೆ ಹತ್ತಿರದ್ದು. ತೊಂಬತ್ತೆರಡರಲ್ಲಿ, ಓಟ್‌ಮಾರ್ ಸತ್ತು ಒಂಬತ್ತು ವರ್ಷಗಳಾಗಿದ್ದಾಗ, ಅವರು ಬದುಕಿದ್ದ ಪೂರ್ವದ ದೇಶವೂ ಪಶ್ಚಿಮದ್ದರಲ್ಲಿ ಸೇರಿ ಇಲ್ಲವಾಗಿದ್ದಾಗ, ಪಶ್ಚಿಮದಿಂದ ಬಂದ ಮೂವರು ತಜ್ಞರ ಮುಂದೆ ಕ್ರೆಸ್ನರ್ ಇದೇ ಮಂದಿರದಲ್ಲಿ ನಿಂತಿದ್ದ. ಅವರ ಕೋಟುಗಳು ಒಳ್ಳೆಯವು. ಅವರು ಅವನ ಜೊತೆ ನಿಧಾನವಾಗಿ, ಸರಳ ಪದಗಳಲ್ಲಿ ಮಾತಾಡಿದರು, ಭಾಷೆ ಇಬ್ಬರದ್ದೂ ಒಂದೇ ಎಂಬುದು ಮರೆತವರ ಹಾಗೆ. ಆ ಸಾಲನ್ನು ಅವರಲ್ಲೊಬ್ಬ ಮೇಲಿನವರೆಗೆ ನುಡಿಸಿದ. ನುಡಿಸಿ, ಕಣ್ಣು ಮುಚ್ಚಿ, ಇದು, ಇದು ಸಾವಿರದ ಏಳುನೂರ ಮೂವತ್ತೆಂಟರಲ್ಲಿ ಇದನ್ನು ಕಟ್ಟಿದ ಹಳೆಯ ಮೇಷ್ಟ್ರ ಕೈಯೇ, ಈಗ ಯಾರಿಂದಲೂ ಆಗದ ಕೆಲಸ, ಎಂದ. ತಮ್ಮ ಅಭಿಪ್ರಾಯ? ಎಂದು ಕ್ರೆಸ್ನರನ ಕಡೆ ತಿರುಗಿದ. ಆ ಒಂದು ಗಳಿಗೆಯಲ್ಲಿ ಕ್ರೆಸ್ನರನ ಎದೆಯಲ್ಲಿ ಏರಿದ್ದು ಭಯವಲ್ಲ. ಭಯವೆಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ, ನಂಬಿಲ್ಲ. ಅದು ಸಿಹಿಯಾಗಿತ್ತು. ತನ್ನ ಹತ್ತೊಂಬತ್ತು ವರ್ಷದ ಕೈಯನ್ನು ಈ ಒಳ್ಳೆಯ ಕೋಟುಗಳು ಇನ್ನೂರೈವತ್ತು ವರ್ಷ ಹಿಂದಕ್ಕೆ ಒಯ್ದು ಗದ್ದುಗೆಯ ಮೇಲೆ ಕೂರಿಸಿದ್ದವು. ಮೂಲದ್ದೇ, ಎಂದ. ವರದಿಯಲ್ಲೂ ಹಾಗೇ ಬರೆದ. ಆ ವರದಿಯಿಂದಲೇ ಅವನ ಹೆಸರು ಹಬ್ಬಿತು. ಕೇಳಿದರೆ ಸಾಕು ಲೋಹದ ವಯಸ್ಸು ಹೇಳುವ ಕಿವಿ ಎಂದು ಜನ ಆಡಿಕೊಂಡರು. ಮೂಲದ್ದೆಂದು ವರದಿಯಲ್ಲಿರುವುದನ್ನು ದುರಸ್ತಿ ಮಾಡುವವರು ಎಸೆಯುವಂತಿಲ್ಲ, ಬದಲಿಸುವಂತಿಲ್ಲ, ಕಾಪಾಡಬೇಕು. ಈ ಎರಡು ವರ್ಷಗಳ ದುರಸ್ತಿ ಮಾಡಿದ ಗೆಸಿನೆ ಲಾವ್‌ಟರ್‌ಬಾಖ್ ಕಾಪಾಡಿದ್ದಳು.

ಅವಳು ಮಂದಿರದ ಬಾಗಿಲಲ್ಲೇ ಕಾದಿದ್ದಳು, ನಲವತ್ತೈದರ ಗಟ್ಟಿ ಹೆಂಗಸು, ತೋಳಿನವರೆಗೆ ಮರದ ಹುಡಿ. ಇಪ್ಪತ್ತು ವರ್ಷಗಳ ಹಿಂದೆ ಆರ್ಗನ್ ಕಟ್ಟುವ ಮೇಷ್ಟ್ರ ಪದವಿಗೆ ಅವಳು ಪರೀಕ್ಷೆಗೆ ಕೂತಾಗ ಪರೀಕ್ಷಕ ಕ್ರೆಸ್ನರ್. ಅವಳು ಮಾಡಿ ತಂದ ಕೊಳವೆಯನ್ನು ಬೆಳಕಿಗೆ ಹಿಡಿದು, ಬೆಸುಗೆ ನೇರವಿಲ್ಲ, ಮುಂದಿನ ವರ್ಷ ಬನ್ನಿ, ಎಂದು ಎಲ್ಲರೆದುರು ಮೇಜಿನ ಮೇಲಿಟ್ಟಿದ್ದ. ಅವಳು ಮುಂದಿನ ವರ್ಷ ಬಂದಳು. ಅದನ್ನು ಮರೆತವಳ ಹಾಗೆ ಈಗ ಕೈ ಕುಲುಕಿದಳು. ಮರೆತಿರಲು ಹೇಗೆ ಸಾಧ್ಯ.

"ಪ್ರಯಾಣ ಸುಸೂತ್ರವಾಯ್ತಾ ಕ್ರೆಸ್ನರ್ ಅವರೇ? ಕಾಫಿ ಕೊಡ್ಲಾ ಮೊದ್ಲು?"

"ಕೆಲಸ ಆಗ್ಲಿ."

"ನಂಗೂ ಅದೇ ಬೇಕು. ಟ್ರೋಗರ್, ತುಳೀತೀರಲ್ಲ? ಇವತ್ತು ಕರೆಂಟಿನ ಗಾಳಿ ಬೇಡ. ತಿದೀನೂ ಪರೀಕ್ಷೆ ಆಗ್ಬೇಕು."

"ತುಳೀತೀನಿ ತಾಯಿ. ಮಧ್ಯಾಹ್ನ ಒಂದು ಬಿಯರ್ ಕೊಡಿಸ್ತೀರ ಅಂದ್ರೆ ಸಾಯಂಕಾಲದವರೆಗೂ ತುಳೀತೀನಿ," ಎಂದು ಟ್ರೋಗರ್ ಆರ್ಗನ್ನಿನ ಹಿಂದಿನ ಕಿರುಮೆಟ್ಟಿಲಲ್ಲಿ ಮಾಯವಾದ. ಇಬ್ಬರ ನಡುವೆ ಒಂದು ನೋಟ ಹಾದುಹೋಯಿತು. ಅಥವಾ ಹೋಗಲಿಲ್ಲ. ಗೆಸಿನೆ ಮೇಲೆ ಉಪ್ಪರಿಗೆಗೆ ಹತ್ತಿ ಕೀಲಿಮಣೆಯ ಮುಂದೆ ಕೂತಳು. ಕ್ರೆಸ್ನರ್ ಅದರೆದುರಿಗಿನ ರಾಜನ ಗ್ಯಾಲರಿಯಲ್ಲಿ, ಮಖಮಲ್ಲು ಹರಿದ ಕಟಾಂಜನದ ಮೇಲೆ ಒಪ್ಪಿಗೆಪತ್ರ ಹರಡಿಕೊಂಡು ನಿಂತ. ಇಲ್ಲಿಂದ ಅವಳ ಬೆನ್ನು ಕಾಣುತ್ತದೆ. ಕೀಲಿಮಣೆಯ ಮೇಲೆ ಕೂರಿಸಿದ ಕನ್ನಡಿಯಲ್ಲಿ ಅವಳ ಕಣ್ಣು ಕಾಣುತ್ತದೆ. ಆ ಕಣ್ಣಿಗೆ ಅವನು ಕಾಣುತ್ತಾನೆ. ಆರ್ಗನ್ನಿನ ಮುಂಭಾಗದಲ್ಲಿ ಆಳೆತ್ತರದ ಕೊಳವೆಗಳು ಚಿನ್ನದ ಬಾಯಿ ತೆರೆದುಕೊಂಡು ಸಾಲಾಗಿ ನಿಂತಿವೆ. ಅವುಗಳಲ್ಲಿ ಅಂಚಿನ ಆರು ಅಂದಕ್ಕೆ ನಿಲ್ಲಿಸಿದವು, ಅವಕ್ಕೆ ಗಾಳಿಯ ದಾರಿಯೇ ಇಲ್ಲ, ಕಟ್ಟಿದ ದಿನದಿಂದ ನುಡಿದಿಲ್ಲ. ನುಡಿಯುವವುಗಳ ನಡುವೆ ಅಷ್ಟೇ ಠೀವಿಯಿಂದ ನಿಂತಿವೆ. ಅವುಗಳ ಮೇಲೆ ಗೆಜ್ಜೆ ಕಟ್ಟಿದ ಚಿನ್ನದ ನಕ್ಷತ್ರ. ಗೆಸಿನೆ ಯಾವುದೋ ಹಿಡಿಯನ್ನೆಳೆದಳು. ನಕ್ಷತ್ರ ತಿರುಗತೊಡಗಿತು.

ಅದು ತಿರುಗುವುದನ್ನು ಅವನು ನೋಡಿದ. ಅದರ ಐದು ಗೆಜ್ಜೆಗಳು ಮಂದಿರದ ತುಂಬ ಸಣ್ಣ ಹಿಮ ಉದುರಿದಂತೆ ಸದ್ದು ಮಾಡುತ್ತವೆ, ಎಪ್ಪತ್ತನಾಲ್ಕರಲ್ಲಿ ಅದನ್ನು ಕೇಳಿ ಓಟ್‌ಮಾರ್ ಕೆಲಸ ನಿಲ್ಲಿಸಿ ಟೋಪಿ ತೆಗೆದಿದ್ದ. ಈಗ ನಕ್ಷತ್ರ ಬಣ್ಣದಲ್ಲಿ ಬರೆದ ಬಾಗಿಲಿನಷ್ಟು ಮೌನವಾಗಿ ಸುತ್ತುತ್ತಿತ್ತು.

"ಹೇಗಿದೆ?" ಕನ್ನಡಿಯಲ್ಲಿ ಕಣ್ಣು.

"ಸ್ವಲ್ಪ ಜೋರಾಯ್ತು," ಎಂದ.

ಅವಳು ತಲೆಯಾಡಿಸಿ ನಿಲ್ಲಿಸಿದಳು. ಕೆಳಗಿನ ಸಾಲುಗಳಿಂದ ಶುರುವಾಯಿತು. ದೊಡ್ಡ ಕೊಳವೆಗಳ ನಾದ ಅವನ ಪಾದದ ಉಣ್ಣೆಯನ್ನು ದಾಟಿ ಮೊಣಕಾಲಿಗೆ ಬಂತು. ಇದನ್ನು ಕೇಳಲು ಕಿವಿಯೇ ಬೇಕಿರಲಿಲ್ಲ. ಅವಳ ಕೆಲಸ ಒಳ್ಳೆಯದಿತ್ತು. ಎಷ್ಟು ಒಳ್ಳೆಯದೆಂದರೆ ಅವನಿಗೆ ಸಿಟ್ಟು ಬಂತು. ಒಂದೊಂದು ಸಾಲಿಗೂ ಪತ್ರದಲ್ಲಿ ಗುರುತು ಹಾಕುತ್ತ ಹೋದ. ಒಂಬತ್ತನೆಯದು ಆ ಸಾಲು. ಅರ್ಧದವರೆಗೆ ನಿಜವಾದ ಹಳೆಯ ಕೊಳವೆಗಳು, ಅಲ್ಲಿಂದಾಚೆ ಅಚ್ಚುಮೊಳೆಗಳು. ಆ ಲೋಹ ಪೆಡಸು; ಶ್ರುತಿ ಮಾಡಲು ಬಾಯಂಚನ್ನು ಅಗಲಿಸಿದರೆ ಕೂದಲಿನಂಥ ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಕೊಳವೆ ಹೇಳಿದ ಮಾತಿಗೆ ನಿಲ್ಲುವುದಿಲ್ಲ, ಬಿಸಿಲು ಬಿದ್ದರೂ ಶ್ರುತಿ ಜಾರುತ್ತದೆ. ಭಾನುವಾರ ನೂರಾರು ಜನರ ಮುಂದೆ ಜಾರುತ್ತದೆ. ಆಗ ತಪ್ಪು ಯಾರದೆಂದು ಕೇಳುತ್ತಾರೆ. ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಸರಿಯಿದ್ದ ಕೊಳವೆ ದುರಸ್ತಿಯ ಮೇಲೆ ಕೆಟ್ಟರೆ ಅದು ದುರಸ್ತಿ ಮಾಡಿದವಳ ಕೈ, ಇನ್ನೇನು. ಅದನ್ನು ತಾನೇ ಮೊದಲು ಬರೆದಿಡಬೇಕು. ಅವನು ಹೊರಡುವಾಗಲೇ ಇದನ್ನು ನಿಶ್ಚಯಿಸಿದ್ದ. ರೈಲಿನಲ್ಲಿ ವಾಕ್ಯವನ್ನೂ ಕಟ್ಟಿಕೊಂಡಿದ್ದ.

"ಮುಂದೆ," ಎಂದ. ಬೆರಳು ಇಳಿಯಿತು. ಉಸಿರಿನಂಥದ್ದೇನೋ ತೇಲಿಬಂತು, ಅದರ ಮೇಲಿನ ನಾದ ಬರಲಿಲ್ಲ. "ಜಾರಿದೆ. ಮುಂದೆ." ಬೆರಳು ಇಳಿಯಿತು. "ಇದೂ ಜಾರಿದೆ. ಮುಂದೆ. ಇದು ಪರವಾಗಿಲ್ಲ. ಮುಂದೆ." ಎಲ್ಲಕ್ಕೂ ಒಂದೇ ಹೇಳಿದರೆ ಅನುಮಾನ ಬರುತ್ತದೆಂದು ನಡುನಡುವೆ ಪರವಾಗಿಲ್ಲ ಎಂದ. ಕನ್ನಡಿಯ ಕಣ್ಣು ಅವನನ್ನು ಬಿಡಲಿಲ್ಲ. ಅವನು ಪೆನ್ನು ತೆಗೆದು, ನಿಂತಲ್ಲೇ, ಒಂಬತ್ತನೆಯ ಸಾಲಿನೆದುರು ಬರೆದ: ಮೂಲ ಕೊಳವೆಗಳ ಶ್ರುತಿ ಅಸ್ಥಿರ. ನಿರ್ವಹಣೆ ತೃಪ್ತಿಕರವಲ್ಲ. ಬರೆಯುತ್ತಲೇ, "ಮುಂದೆ. ಜಾರಿದೆ. ಮುಂದೆ. ಇದು ತೀರಾ ಜಾರಿದೆ. ಮುಂದೆ. ಹೂಂ. ಇದೂ," ಎಂದ.

ಬೆರಳು ಮತ್ತೆ ಇಳಿಯಲಿಲ್ಲ. ಗೆಸಿನೆ ಕನ್ನಡಿ ಬಿಟ್ಟು ಪೂರ್ತಿ ತಿರುಗಿ ಕೂತಿದ್ದಳು.

"ಕ್ರೆಸ್ನರ್ ಅವರೇ," ಎಂದಳು, ಜೋರಾಗಿಯೂ ಅಲ್ಲದೆ ಮೆಲ್ಲಗೂ ಅಲ್ಲದೆ. "ಕೊನೇ ನಾಲ್ಕಕ್ಕೆ ಗಾಳೀನೇ ಇರ್ಲಿಲ್ಲ. ತಿದಿ ಕೂತ್ಬಿಟ್ಟಿದೆ."

ಅವನ ಪೆನ್ನು ಕಾಗದದ ಮೇಲೆ ನಿಂತ ಕಡೆ ಶಾಯಿಯ ಚುಕ್ಕೆ ಅಗಲವಾಗುತ್ತಿತ್ತು. ಪರೀಕ್ಷಾಮೇಜಿನ ಮೇಲೆ ತಾನಿಟ್ಟ ಕೊಳವೆ ಉರುಳಿ ಅಂಚಿಗೆ ಬಂದು ನಿಂತದ್ದು, ಅವಳು ಅದನ್ನು ಎತ್ತಿಕೊಳ್ಳಲು ಎಲ್ಲರ ಮುಂದೆ ಬಗ್ಗಿದ್ದು ಅವನಿಗೆ ಕಂಡಿತು. ಇದನ್ನು ಇಪ್ಪತ್ತು ವರ್ಷ ಕಾದು ಹೊಸೆದಿದ್ದಾಳೆ. ಟ್ರೋಗರನಿಗೆ ಸನ್ನೆ ಮಾಡಿ ತುಳಿಯುವುದನ್ನು ನಿಲ್ಲಿಸಿದ್ದಾಳೆ. ವೈದ್ಯೆ, ನಾದಿನಿ, ಟ್ರೋಗರ್, ಇವಳು. ಎಲ್ಲ ಒಂದೇ ದಾರದಲ್ಲಿ.

"ಮೊದಲ್ನೇದಕ್ಕೇ ಯಾಕೆ ಹೇಳ್ಲಿಲ್ಲ ನೀವು?"

"ನೀವು ಹೇಳ್ತೀರಿ ಅಂತ ಕಾದೆ," ಎಂದಳು ಗೆಸಿನೆ.

"ಆ ತುಳಿಯೋ ಮನುಷ್ಯನ್ನ ನೋಡ್ಕೊಂಡ್ ಬರ್ತೀನಿ," ಎಂದು ಅವನು ಪತ್ರವನ್ನು ಮಡಿಸಿ ಕೈಯಲ್ಲಿ ಹಿಡಿದು ಹೊರಟ. ಬೈಯಲು ಒಬ್ಬ ಬೇಕಿತ್ತು. ಆರ್ಗನ್ನಿನ ಹಿಂದಿನ ಕಿರುಮೆಟ್ಟಿಲು ಕಡಿದಾಗಿತ್ತು. ಗೋಡೆ ಹಿಡಿದು, ಮೆಟ್ಟು ಕಳಚದಂತೆ ಬೆರಳುಗಳನ್ನು ಮುದುರಿಕೊಂಡು ಹತ್ತಿದ. ಎಪ್ಪತ್ತನಾಲ್ಕರ ಮೇಲೆ ಈ ಮೆಟ್ಟಿಲು ಹತ್ತಿಲ್ಲವೆಂಬುದು ಅರ್ಧದಲ್ಲಿ ಹೊಳೆಯಿತು. ಕರೆಂಟಿನ ಗಾಳಿ ಇರುವಾಗ ತಿದಿಕೋಣೆಯಲ್ಲಿ ತಜ್ಞನಿಗೇನು ಕೆಲಸ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಈಗ ಆ ಕಾರಣದ ಮೇಲೂ ಅವನಿಗೆ ಸಂಶಯ ಬಂತು.

ಒಳಗೆ ನಾಲ್ಕು ತಿದಿಗಳು, ಒಂದೊಂದೂ ಮಂಚದಷ್ಟು ದೊಡ್ಡವು, ಹೊಸ ತೊಗಲಿನ ವಾಸನೆ ಬೀರುತ್ತ ಮಲಗಿದ್ದವು. ಅವುಗಳ ತುಳಿಮರಗಳು ಗೋಡೆಯ ಕಡೆ ಚಾಚಿದ್ದವು. ಟ್ರೋಗರ್ ನೆಲದ ಮೇಲೆ ಒಂದು ಕಾಲು ಬರಿದು ಮಾಡಿಕೊಂಡು ಕೂತು, ತುಳಿಮರದ ಸಂದಿಯಿಂದ ತನ್ನ ಉಣ್ಣೆಮೆಟ್ಟನ್ನು ಎಳೆಯುತ್ತಿದ್ದ.

"ಹಾಳು ಮೆಟ್ಟು. ಜಾರಿ ಒಳಗೆ ಸಿಕ್ಕೊಂಡ್ಬಿಡ್ತು ಮೇಷ್ಟ್ರೇ. ಕೂಗ್ದೆ ನಾನು, ಗಾಳಿ ಇಲ್ಲ ಗಾಳಿ ಇಲ್ಲ ಅಂತ. ಕೇಳಿಸ್ಲಿಲ್ವಾ?"

ಕ್ರೆಸ್ನರ್ ಗೋಡೆಯ ಕಡೆ ನೋಡುತ್ತಿದ್ದ. ತುಳಿಯುವವನ ಮುಖಕ್ಕೆ ನೇರವಾಗಿ, ಕಿಟಕಿಯ ಬೆಳಕಿನಲ್ಲಿ, ಬಣ್ಣ ಕಾಣದ ಪೈನ್ ಮರದ ಹಲಗೆಗಳ ಗೋಡೆಯಿತ್ತು. ಅದರ ತುಂಬ ಪೆನ್ಸಿಲಿನ ಬರಹ. ಆರ್ಗನ್ನಿನ ಒಳಗೆ ಕೆಲಸ ಮಾಡಿದವರು, ತಿದಿ ತುಳಿದವರು ಹೆಸರು, ದಿನ, ಮತ್ತೇನಾದರೊಂದು ಮಾತು ಬರೆದಿಡುವುದು ರೂಢಿ. ಎಂಥ ಮೂಕ ಕೆಲಸಗಾರನೂ ಅಲ್ಲಿ ಒಂದು ಸಾಲು ಮಾತಾಡುತ್ತಾನೆ. ೧೭೪೧, ಹಾನ್ಸ್ ವೈಟ್, ಹಲ್ಲುನೋವು. ೧೮೦೬, ಫ್ರೆಂಚರು ಅಂಗಳದಲ್ಲಿದ್ದಾರೆ, ಆದರೂ ತುಳಿದೆ. ೧೮೮೮, ರಾಜಕುಮಾರಿಯ ಮದುವೆ, ಎರಡು ಗಂಟೆ, ಯಾರೂ ಬಿಯರ್ ಕೊಡಲಿಲ್ಲ. ಕಣ್ಣು ಕೆಳಗಿಳಿಯುತ್ತಿದ್ದಂತೆ ತನ್ನದೇ ಕೈಬರಹ ಸಿಕ್ಕಿತು. ಹೆಸರು ಬರೆದದ್ದು ನೆನಪಿತ್ತು, ಹೊರಗೆ ಹಿಮ ಬೀಳುತ್ತಿದ್ದದ್ದು ನೆನಪಿತ್ತು. ವಾಕ್ಯ ನೆನಪಿರಲಿಲ್ಲ. ದಪ್ಪ, ಒತ್ತಿ ಬರೆದ, ಸ್ವಲ್ಪ ಬಲಕ್ಕೆ ಬಾಗಿದ ಅಕ್ಷರಗಳು: ೧೯೭೪ ಫೆಬ್ರವರಿ. ವೆಂಡೆಲಿನ್ ಕ್ರೆಸ್ನರ್, ವಯಸ್ಸು ೧೯. ಇಪ್ಪತ್ತೇಳನ್ನೂ ನಾನೇ ಮಾಡಿದೆ, ಅಚ್ಚುಮೊಳೆಯಿಂದ. ಯಾರಿಗೂ ವ್ಯತ್ಯಾಸ ಕೇಳಿಸುವುದಿಲ್ಲ. ಹಿಮ.

"ಇದನ್ನ ನೀವು ಓದಿದೀರಾ?"

"ಓದ್ದೇ ಇರ್ತೀನಾ? ಮೂವತ್ತು ವರ್ಷ, ಕರೆಂಟು ಕೈಕೊಟ್ಟಾಗೆಲ್ಲ, ಇದರ ಮುಂದೇ ನಿಂತು ತುಳಿದಿದ್ದೀನಿ. ಇಲ್ಲಿ ನೋಡೋಕೆ ಬೇರೆ ಏನಿದೆ ಹೇಳಿ." ಟ್ರೋಗರ್ ಮೆಟ್ಟನ್ನು ಕಿತ್ತು ತೆಗೆದು ದೂಳು ಕೊಡವಿದ.

"ಯಾಕೆ ಹೇಳ್ಲಿಲ್ಲ?"

"ಯಾರಿಗೆ?"

"ನನಗೆ."

"ಬರೆದೋರೇ ನೀವು. ನಿಮಗೆ ಗೊತ್ತಿರುತ್ತಲ್ಲ ಮೇಷ್ಟ್ರೇ." ಅವನ ಮುಖದಲ್ಲಿ ನಗುವಿಗಾಗಿ ಕ್ರೆಸ್ನರ್ ಹುಡುಕಿದ, ಮೂವತ್ತು ವರ್ಷ ಬೆನ್ನಿನಲ್ಲಿ ಹುಡುಕಿದ್ದನ್ನು ಈಗ ಮುಖದಲ್ಲಿ. ಗಣಿಯ ಉಪ್ಪು ತಿಂದು ಸವೆಸಿದ, ಹುಬ್ಬು ನರೆತ, ಸ್ವಲ್ಪ ಬೇಸತ್ತ ಮುಖ. ಇವನ ಗಾಂಭೀರ್ಯ ಬರೀ ಗಾಂಭೀರ್ಯವಾಗಿದ್ದರೆ ತಾನು ಇಷ್ಟು ವರ್ಷ ಯಾರ ನಗುವಿಗೆ ಹೆದರಿದ್ದು. ಹಲಗೆಯ ಮೇಲೆ ತನ್ನ ಸಾಲಿನ ಕೆಳಗೆ ಇನ್ನೊಂದು ಸಾಲಿರುವುದು ಆಮೇಲೆ ಕಂಡಿತು. ಕೈಬರಹ ಸಣ್ಣದು, ನೆಟ್ಟಗೆ, ಹೊಸದು. ದಿನಾಂಕ ಎರಡು ವರ್ಷ ಹಿಂದಿನದು, ಆರ್ಗನ್ ಬಿಚ್ಚಿದ ಮೊದಲ ವಾರದ್ದು. ಗೆಸಿನೆ ಲಾವ್‌ಟರ್‌ಬಾಖ್. ಇಪ್ಪತ್ತೇಳನ್ನೂ ನೋಡಿದೆ. ಲೋಹ ಕೆಟ್ಟದ್ದು. ಬೆಸುಗೆ ಬಹಳ ನೇರ.

ಅವನು ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಓದಿದಾಗ, ಬೆಸುಗೆ ಎಂಬ ಪದವನ್ನು ಅವಳು ಬೇಕೆಂದೇ ಆರಿಸಿದ್ದಾಳೆ ಎಂದು ಅನ್ನಿಸಿತು. ನಾಲ್ಕನೆಯ ಸಲ, ಬೆಸುಗೆ ನೇರವಿದ್ದರೆ ಆ ಮಾತನ್ನು ಬೇರೆ ಹೇಗೆ ಬರೆಯುವುದು ಎಂದು ಅನ್ನಿಸಿತು. ಎರಡು ವರ್ಷಗಳಿಂದ ಅವಳಿಗೆ ಗೊತ್ತು. ಒಂದು ಕಾಗದ ಬರೆದಿದ್ದರೆ ಅವನ ಹೆಸರು ನೆಲಕ್ಕೆ ಬೀಳುತ್ತಿತ್ತು, ಹೊಸ ತವರ ತರಿಸಿ ಅವಳು ಸಾಲನ್ನು ಸರಿ ಮಾಡಬಹುದಿತ್ತು, ಭಾನುವಾರ ಧೈರ್ಯವಾಗಿ ಕೂರಬಹುದಿತ್ತು. ಬರೆಯಲಿಲ್ಲ. ತುಂಡುತುಂಡಾಗಿ ಒಡೆಯುವ ಬಾಯಂಚುಗಳನ್ನು ಒಂದೊಂದಾಗಿ ಮುಟ್ಟಿ, ಕಾಪಾಡಿ, ಜಾಗಕ್ಕೆ ಮರಳಿಸಿ, ಅವನು ಬಂದು ಹೇಳಲಿ ಎಂದು ಕಾದಳು. ನೀವು ಹೇಳ್ತೀರಿ ಅಂತ ಕಾದೆ. ಅದನ್ನು ಅವಳು ಗಾಳಿಯ ಬಗ್ಗೆ ಅಂದದ್ದು. ಗಾಳಿಯ ಬಗ್ಗೆಯೇ ಇರಬೇಕು. ಕೆಳಗೆ ಹೋಗಿ ಏನೂ ಆಗದಂತೆ ಸಹಿ ಹಾಕಿದರೆ ಯಾರೂ ತಡೆಯುವುದಿಲ್ಲವೆಂದು ಅವನಿಗೆ ಈಗ ತಿಳಿದಿತ್ತು, ಅವಳು ತಡೆಯುವುದಿಲ್ಲ, ಇವನು ಮತ್ತೆ ಮೂವತ್ತು ವರ್ಷ ಇದರೆದುರು ತುಳಿಯುತ್ತಾನೆ. ಇವರು ಹೂಡಿದ ಬಲೆಯೊಂದು ನಿಜಕ್ಕೂ ಇದ್ದಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು.

"ಇವತ್ತಿಂದೂ ಬರೀಬೇಕಲ್ಲ," ಎಂದು ಟ್ರೋಗರ್ ಕಿಟಕಿಯ ಕಟ್ಟೆಯ ಮೇಲಿದ್ದ ಮೋಟು ಪೆನ್ಸಿಲು ಕೊಟ್ಟ. "ಬಂದೋರೆಲ್ಲ ಬರೀತಾರೆ. ದಿನಾಂಕ ಹಾಕಿ. ಹವಾ ಹೇಗಿದೆ ಅಂತಾನೂ ಹಾಕ್ಬಹುದು."

"ಆಮೇಲೆ," ಎಂದ ಕ್ರೆಸ್ನರ್. ಪೆನ್ಸಿಲನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. "ಸ್ವಲ್ಪ ತುಳೀತೀರಾ?"

"ಎಷ್ಟು ಹೊತ್ತು?"

"ಇಪ್ಪತ್ತೇಳು ಸ್ವರ."

ಅವನು ಗ್ಯಾಲರಿಗೆ ಮರಳಲಿಲ್ಲ. ಉಪ್ಪರಿಗೆಗೆ ಇಳಿದು, ಕೀಲಿಮಣೆಯ ಪಕ್ಕದಲ್ಲಿ, ಗೆಸಿನೆಯ ಭುಜದ ಹತ್ತಿರ ಪತ್ರವನ್ನು ಬಿಡಿಸಿಟ್ಟ. ಒಂಬತ್ತನೆಯ ಸಾಲಿನೆದುರು ಬರೆದಿದ್ದುದರ ಮೇಲೆ ಒಂದು ಗೆರೆ ಎಳೆದ. ಕೆಳಗೆ, ಪೆನ್ನಿನಲ್ಲಿ, ನಿಧಾನವಾಗಿ ಬರೆದ: ಈ ಸಾಲಿನ ಮೇಲಿನ ಇಪ್ಪತ್ತೇಳು ಕೊಳವೆಗಳು ಮೂಲದವಲ್ಲ. ೧೯೭೪ರಲ್ಲಿ ನಾನು ಮಾಡಿದವು. ೧೯೯೨ರ ವರದಿ ತಪ್ಪು, ತಪ್ಪೆಂದು ತಿಳಿದೇ ಬರೆದದ್ದು. ಬದಲಿಸಬಹುದು. ಬದಲಿಸಬಹುದು ಎಂದು ಬರೆಯುವಾಗ ಕೈ ಒಮ್ಮೆ ನಿಂತು ಮುಂದೆ ಹೋಯಿತು. ಶ್ರುತಿಯ ಬಗ್ಗೆ ಇರುವ ಚೌಕದಲ್ಲಿ ಬರೆದ: ಈ ಸಾಲಿನ ಮೇಲ್ಭಾಗ ನನಗೆ ಕೇಳಿಸುವುದಿಲ್ಲ. ಸಹಿ ಹಾಕಿದ. ಗೆಸಿನೆ ಓದಿದಳು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ಬೆಸುಗೆಯನ್ನು ಪರೀಕ್ಷಿಸುವವಳ ಹಾಗೆ ಓದಿದಳು. ಅವಳು ಏನಾದರೂ ಅನ್ನಲಿ, ಒಂದು ಕಟು ಮಾತು, ಎಂದು ಅವನು ಕಾಯುತ್ತಿದ್ದ.

"ದಿನಾಂಕ ಹಾಕಿಲ್ಲ ನೀವು," ಎಂದಳು.

ಹಾಕಿದ. ಹಿಂದಿನ ಗೋಡೆಯಾಚೆ ತುಳಿಮರ ಕಿರುಗುಟ್ಟಿತು. ಅದು ಅವನ ಕಿವಿಗೆ ಬಂತು, ತಿದಿ ಏಳುವ ದೊಡ್ಡ ನಿಟ್ಟುಸಿರೂ ಬಂತು. ಗೆಸಿನೆ ತೋರುಬೆರಳಿನಿಂದ ಕೊನೆಯ ಕೀಲಿಯನ್ನು ಒತ್ತಿ ಹಿಡಿದಳು, ಎಲ್ಲಕ್ಕಿಂತ ಮೇಲಿನದು, ಕಿರುಬೆರಳಿಗಿಂತ ಚಿಕ್ಕ ಕೊಳವೆಯದು. ಆ ದೊಡ್ಡ ಕೆ ಅದರಲ್ಲಿ ಹೋಗಿದ್ದರೂ ಹೋಗಿರಬಹುದು. ಅವನ ಪಾಲಿಗೆ ಮಂದಿರ ಮೊದಲಿನಂತೆಯೇ ಇತ್ತು. ಚಿನ್ನದ ಬಾಯಿಗಳು, ನುಡಿಯುವವು, ನುಡಿಯದವು, ಒಂದೇ ಸಮ ತೆರೆದುಕೊಂಡಿದ್ದವು.

"ನುಡೀತಿದೆಯಾ?" ಎಂದು ಕೇಳಿದ.

"ನುಡೀತಿದೆ."

ಅವಳ ಮುಖವನ್ನು ನೋಡಿದ. ಅದರಲ್ಲಿ ಏನೂ ಬರೆದಿರಲಿಲ್ಲ. ಅವಳ ಬೆರಳು ಇನ್ನೂ ಕೀಲಿಯ ಮೇಲೇ ಇತ್ತು, ಉಗುರಿನ ತುದಿ ಒತ್ತಿ ಬೆಳ್ಳಗಾಗಿತ್ತು.

"ಹೇಗಿದೆ?"

ಗೆಸಿನೆ ತಲೆಯನ್ನು ಸ್ವಲ್ಪ ವಾಲಿಸಿ, ಅವನಿಗೆ ಸಿಗದ ಆ ಎತ್ತರಕ್ಕೆ ಕಿವಿಗೊಟ್ಟಳು. "ಒಂಚೂರು ಜಾರಿದೆ," ಎಂದಳು.

ಕ್ರೆಸ್ನರ್ ಟ್ರೋಗರನ ಮೋಟು ಪೆನ್ಸಿಲಿನಿಂದ ಪತ್ರದ ಅಂಚಿನಲ್ಲಿ ಹಾಗೇ ಗುರುತು ಮಾಡಿಕೊಂಡ. "ಮುಂದೆ," ಎಂದ.